ಕರಣೆ ಬೇಕಾದರೆ ಕೊಡಿ, ಪಾಸ್‌ಪೋರ್ಟ್ ಕೊಡಬೇಡಿ

ಆ ಬೀದಿಯಲ್ಲಿ ಟೈಲ್ಸ್ ಕೂರಿಸುವವರೇ ಹೆಚ್ಚು. ಈಚೆಗೆ ಕಟ್ಟಡಗಳೆಲ್ಲ ಅರ್ಧಕ್ಕೇ ನಿಂತು, ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಗಡಿಯಾಚೆಯ ದೇಶದಲ್ಲಿ ಮಾತ್ರ ಕೈತುಂಬ ಕೆಲಸ, ಕೂಲಿಯೂ ಎರಡರಷ್ಟು. ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮನ ಗಂಡನೂ ಟೈಲ್ಸ್ ಕೆಲಸದವನೇ; ಅವನೂ ಹೊರಟು ನಿಂತ. ಅವಳಿಗೀಗ ಐದು ತಿಂಗಳು. ಹೋಗಲಿ, ಹೆರಿಗೆ ಹೊತ್ತಿಗೆ ಬಂದುಬಿಡಲಿ ಎನ್ನುವುದೊಂದೇ ಅವಳ ಆಸೆ.

“ಸಂಜೆ ಏಜೆಂಟ್ ಬರ್ತಾರೆ. ಪಾಸ್‌ಪೋರ್ಟ್ ಅವರ ಕೈಗೆ ಕೊಟ್ರೆ ಮುಗೀತು,” ಎಂದ ಗಂಡ.

ರವಿಕೆ ಹೊಲಿಸಲು ಬಂದಿದ್ದ ಇಸ್ತ್ರಿ ಅಕ್ಕ ಬಾಗಿಲಲ್ಲೇ ನಿಂತಳು. ಗಡಿಯಾಚೆಯ ಹೋಟೆಲುಗಳಲ್ಲಿ ನಾಲ್ಕು ವರ್ಷ ಬಟ್ಟೆ ಇಸ್ತ್ರಿ ಮಾಡಿ ಬಂದವಳು.

“ಅವರ ಕೈಗೆ ಯಾಕಪ್ಪಾ?”

“ಅಯ್ಯೋ ಅಕ್ಕಾ, ಸಂಜೆ ಕೆಲಸ ಬಿಡುವಾಗ ನಾವು ಗಾರೆ ಹಚ್ಚೋ ಕರಣೇನ ಮೇಸ್ತ್ರಿ ಹತ್ರ ಬಿಟ್ಟು ಬರಲ್ವಾ? ನಾಳೆ ಬಂದೇ ಬರ್ತೀವಿ ಅನ್ನೋ ಗುರುತಿಗೆ. ಇದೂ ಹಾಗೇ.”

“ಚೆನ್ನಾಗಿದೆ ನಿನ್ನ ಲೆಕ್ಕ! ಕರಣೆ ಹೋದ್ರೆ ಅಂಗಡೀಲಿ ಇನ್ನೊಂದು ಸಿಗುತ್ತೆ. ಮೊದಲ ಸಲ ನಾನೂ ಹೀಗೇ ಕೊಟ್ಟೆ. ನಮ್ಮಮ್ಮ ತೀರಿಕೊಂಡಾಗ ಪಾಸ್‌ಪೋರ್ಟ್ ವಾಪಸ್ ಕೇಳಿದ್ರೆ, ‘ಆಮೇಲೆ ನೋಡೋಣ’ ಅಂದ್ರು. ಕೊನೇ ಸಲ ಮುಖ ನೋಡೋಕೂ ಆಗ್ಲಿಲ್ಲ ಕಣಪ್ಪಾ.”

ಟೈಲರಮ್ಮನ ಕಾಲು ಹೊಲಿಗೆ ಯಂತ್ರದ ಮೇಲೆ ನಿಂತುಹೋಯಿತು. “ರೀ, ಅಕ್ಕ ಹೇಳೋದು ಕೇಳ್ರೀ. ನಂಗೆ ಭಯ ಆಗ್ತಿದೆ.”

“ಹಾಗಾದ್ರೆ ಮನೇಲೇ ಕೂತಿರ್ಲಾ?” ಅವನಿಗೆ ರೇಗಿತು.

“ಹೋಗು ಮಾರಾಯಾ, ಯಾರು ಬೇಡ ಅಂದ್ರು? ಎರಡನೇ ಸಲ ನಾನು ಪಾಸ್‌ಪೋರ್ಟ್ ನನ್ನ ಹತ್ರಾನೇ ಇಟ್ಕೊಂಡು ಎದೆಯುಬ್ಬಿಸಿಕೊಂಡೇ ಹೋದೆ. ವೀಸಾ ಕೆಲಸದ್ದೇ ಇರ್ಬೇಕು, ಪ್ರವಾಸದ್ದಲ್ಲ. ನೀನೇ ವೀಸಾ ಕಚೇರಿಗೆ ಹೋಗಿ ಅರ್ಜಿ ಕೊಡು, ರಸೀದಿ ತಗೋ. ಕರಾರು ಓದಿಸ್ಕೊಂಡು ಸಹಿ ಹಾಕು, ನಕಲು ಇವಳ ಹತ್ರ ಇರ್ಲಿ. ಏಜೆಂಟ್‌ಗೆ ಲೈಸೆನ್ಸ್ ಇದ್ಯಾ ಅಂತ ಮೊದಲು ಕೇಳು.”

ಸಂಜೆ ಏಜೆಂಟ್ ಬಂದವನೇ ಕೈ ಚಾಚಿದ. ಟೈಲ್ಸಿನವನು ಅವನ ಕೈಗೆ ಹಳೆಯ ಕರಣೆಯನ್ನಿಟ್ಟ.

“ಗುರುತಿಗೆ ಇದನ್ನಿಟ್ಕೊಳ್ಳಿ ಸಾರ್. ಪಾಸ್‌ಪೋರ್ಟ್ ನನ್ನ ಹತ್ರಾನೇ ಇರುತ್ತೆ. ನಿಮ್ಮ ಲೈಸೆನ್ಸ್ ಸ್ವಲ್ಪ ತೋರಿಸ್ತೀರಾ?”

“ನೀನಲ್ದಿದ್ರೆ ಇನ್ನು ಹತ್ತು ಜನ!” ಏಜೆಂಟ್ ಕರಣೆಯನ್ನು ಎಸೆದು ಕಾಲ್ಕಿತ್ತ. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ.

ಒಂದು ತಿಂಗಳು ತಡವಾಯಿತು, ನಿಜ. ಆದರೆ ಲೈಸೆನ್ಸ್ ಇರುವವರ ಮೂಲಕ, ಕೆಲಸದ ವೀಸಾದಲ್ಲೇ ಅವನು ಗಡಿ ದಾಟಿದ. ಹೆರಿಗೆಗೆ ರಜೆ ಎಂದು ಕರಾರಿನಲ್ಲಿ ಬರೆಸಿಯೇ ಸಹಿ ಹಾಕಿದ್ದ. ಮಗಳು ಹುಟ್ಟುವ ಎರಡು ದಿನ ಮೊದಲೇ ಬಂದಿಳಿದ. ಕೂಸನ್ನು ಮೊದಲು ಎತ್ತಿಕೊಂಡವನೂ ಅವನೇ.

ಅಣ್ಣಂದಿರೇ, ಅಕ್ಕಂದಿರೇ, ಪಕ್ಕದ ದೇಶಕ್ಕೆ ದುಡಿಯಲು ಧೈರ್ಯವಾಗಿ ಹೋಗಿ. ಅಧಿಕಾರಿಗಳು ಕೇಳಿದರೆ ಪಾಸ್‌ಪೋರ್ಟ್ ತೋರಿಸಿ, ತಕ್ಷಣ ವಾಪಸ್ ಪಡೆಯಿರಿ. ಮನೆಗೆ ಮರಳುವ ದಾರಿ ನಿಮ್ಮ ಜೇಬಿನಲ್ಲೇ ಇರಲಿ.