ಬೇಯುವ ಮೊದಲೇ ಕಂದು

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕ್ಯಾಂಟೀನಿನ ಮ್ಯಾನೇಜರು ಫ್ರೀಜರಿನ ಸ್ವಿಚ್ಚು ಆರಿಸಿ ಮನೆಗೆ ಹೋದ. ಸೋಮವಾರ ಬೆಳಿಗ್ಗೆ ಏಳಕ್ಕೆ ಬಂದು ಮತ್ತೆ ಹಾಕಿದ. ಬುಧವಾರ ಆ ಫ್ರೀಜರಿನ ಕೊಚ್ಚಿದ ಮಾಂಸದ ಪ್ಯಾಟಿಗಳನ್ನು ಬನ್ನಿನ ನಡುವೆ ಇಟ್ಟು ಅಂಗಿ ಕಾರ್ಖಾನೆಯ ಇನ್ನೂರು ಮಂದಿಗೆ ಕೊಡಲಾಯಿತು. ಮೂವತ್ತೊಂದು ಮಂದಿ ಆಸ್ಪತ್ರೆ ಸೇರಿದರು. ಗುಂಡಿ ಹಚ್ಚುವ ಸಾಲಿನ ಹೆಂಗಸೊಬ್ಬಳು ಮೂತ್ರಪಿಂಡ ಕೆಟ್ಟು ಹನ್ನೆರಡನೆಯ ದಿನ ತೀರಿಕೊಂಡಳು. ಕೆಲಸದಿಂದ ತೆಗೆದದ್ದು ಗ್ರಿಲ್ಲಿನ ಮುಂದೆ ನಿಂತಿದ್ದವಳನ್ನು.

ಅವಳನ್ನು ಎಲ್ಲರೂ ಕಣ್ಣಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ಗ್ರಿಲ್ಲಿನ ಮುಂದೆ ನಿಂತವಳು. ಒಂದೇ ಸಲಕ್ಕೆ ನಲವತ್ತು ಪ್ಯಾಟಿ ಹರಡಿ, ಯಾವುದು ಬೆಂದಿದೆ, ಯಾವುದಕ್ಕೆ ಇನ್ನೂ ಅರೆ ನಿಮಿಷ ಬೇಕು ಎಂಬುದನ್ನು ನೋಡಿದ ಮಾತ್ರಕ್ಕೆ ಹೇಳುತ್ತಿದ್ದಳು. ಅನುಮಾನ ಬಂದರೆ ಒಂದನ್ನು ಮುರಿಯುತ್ತಿದ್ದಳು. ಒಳಗೆ ಕೆಂಪು ಕಂಡರೆ ತಿರುಗಿ ಉರಿಗೆ, ಕಂದು ಬಂದಿದ್ದರೆ ತಟ್ಟೆಗೆ. ಕಂಪನಿಯವರು ಐದು ವರ್ಷದ ಹಿಂದೆ ಮೊನಚು ಕಡ್ಡಿಯ ಥರ್ಮಾಮೀಟರು ತಂದುಕೊಟ್ಟಾಗ ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, "ನನ್ನ ಮುಖದಲ್ಲೇ ಎರಡಿವೆ, ಮೂರನೆಯದು ಯಾಕಪ್ಪಾ?" ಎಂದಿದ್ದಳು. ಕೇಳಿದವರೆಲ್ಲ ನಕ್ಕಿದ್ದರು. ಥರ್ಮಾಮೀಟರು ತಂದವನೂ ನಕ್ಕಿದ್ದ.

ಆ ಮೊಳೆಯಿಂದ ಅದನ್ನು ಇಳಿಸುತ್ತಿದ್ದವಳು ಒಬ್ಬಳೇ, ಅವಳ ತಂಗಿ. ತಂಗಿಯ ಕೆಲಸ ಬನ್ನು ಸೀಳಿ ಕಾಯಿಸುವುದು. ಬರ್ಗರ್ ವಾರಕ್ಕೊಂದೇ ದಿನ, ಬುಧವಾರ. ಅಕ್ಕನಿಗೆ ಮೈ ಹುಷಾರಿಲ್ಲದ ಬುಧವಾರಗಳಲ್ಲಿ ತಂಗಿ ಗ್ರಿಲ್ಲಿಗೆ ನಿಂತರೆ ಸಾಲು ಬಾಗಿಲು ದಾಟಿ ಅಂಗಳದವರೆಗೆ ಬೆಳೆಯುತ್ತಿತ್ತು, ಏಕೆಂದರೆ ಅವಳು ಪ್ರತಿಯೊಂದು ಪ್ಯಾಟಿಗೂ ಪಕ್ಕದಿಂದ ಕಡ್ಡಿ ಚುಚ್ಚಿ, ಮುಳ್ಳು ರೋಗಾಣು ಸಾಯುವ ಎಪ್ಪತ್ತೊಂದು ಡಿಗ್ರಿಗೆ ಬರುವವರೆಗೆ ಬಿಟ್ಟುಕೊಡುತ್ತಿರಲಿಲ್ಲ.

"ಡಾಕ್ಟರಮ್ಮಾ, ಜ್ವರ ಎಷ್ಟಿದೆ?" ಎಂದು ಹಿಂದಿನಿಂದ ಯಾರಾದರೂ ಕೂಗುತ್ತಿದ್ದರು.

"ಅರವತ್ತೆರಡು. ನೀವು ಕಾದರೆ ಪ್ಯಾಟಿಗೆ ಜ್ವರ, ಕಾಯದಿದ್ರೆ ನಿಮಗೆ."

ಈಗ ಆ ಮಾತು ನೆನಪಾದರೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತಿತ್ತು.

ಆ ಸೋಮವಾರ ಅವಳು ಬೇಗ ಬಂದಿದ್ದಳು. ಮ್ಯಾನೇಜರು ಫ್ರೀಜರಿನ ಹಿಂದೆ ಬಗ್ಗಿ ಸ್ವಿಚ್ಚು ಹಾಕುತ್ತಿದ್ದುದನ್ನು ಕಂಡಳು. ಕಾರ್ಖಾನೆಯಲ್ಲಿ ಆಗ ಕರೆಂಟು ಉಳಿಸುವ ತಿಂಗಳು. 'ಬಳಸದ ಯಂತ್ರವನ್ನು ಆರಿಸಿ' ಎಂದು ಕಕ್ಕಸಿನ ಬಾಗಿಲಿಗೂ ಚೀಟಿ ಅಂಟಿಸಿದ್ದರು. ಆಳುಗಳ ಹೊಟ್ಟೆಗೆ ಹೋಗುವುದನ್ನು ಕೆಡದಂತೆ ಕಾಯುವ ಪೆಟ್ಟಿಗೆಯೂ ರಜೆಯ ದಿನ ಬಳಸದ ಯಂತ್ರವೇ ಎಂದು ಒಬ್ಬ ದೊಡ್ಡ ಮನುಷ್ಯನ ತಲೆಗೆ ಹೊಳೆದಿತ್ತು.

"ಎರಡೇ ದಿನ ಕಣಮ್ಮ," ಎಂದ ಮ್ಯಾನೇಜರು, ಅವಳೇನೂ ಕೇಳದಿದ್ದರೂ. "ಬಾಗಿಲು ತೆಗೀದಿದ್ರೆ ಒಳಗಿಂದು ಹಾಗ್ಹಾಗೇ ಇರುತ್ತೆ."

ಬುಧವಾರ ಪ್ಯಾಟಿಗಳ ರಟ್ಟಿನ ಪೆಟ್ಟಿಗೆ ಬಿಚ್ಚಿದವಳೂ ತಂಗಿಯೇ. ಎಂದಿನ ಪ್ಯಾಟಿಗಳು ಮೇಜಿನ ಅಂಚಿಗೆ ಒಂದು ಸಲ ಕುಟ್ಟಿದರೆ ಟಪ್ ಟಪ್ ಎಂದು ಬಿಡಿಬಿಡಿಯಾಗಿ ಉದುರುತ್ತಿದ್ದವು. ಅಂದಿನವು ಒಂದೇ ಗಟ್ಟಿ. ಕೆಳಗಡೆ ರಟ್ಟು ನೆನೆದು ಒಣಗಿತ್ತು, ಅದರ ಮೇಲೆ ಕೆಂಪು ಮಂಜುಗಡ್ಡೆ. ಚಾಕು ತೂರಿಸಿ ಒಂದೊಂದಾಗಿ ಎಬ್ಬಿಸಬೇಕಾಯಿತು.

"ಅಕ್ಕಾ, ಇವು ಕರಗಿ ಮತ್ತೆ ಗಟ್ಟಿಯಾದ ಹಾಗಿವೆ."

"ಬಾಗಿಲು ಸರಿಯಾಗಿ ಹಾಕಿರಲ್ಲ ಯಾರೋ. ಕೊಡು ಇಲ್ಲಿ, ನಾನು ನೋಡ್ಕೋತೀನಿ."

ಸ್ವಿಚ್ಚಿನ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಮ್ಯಾನೇಜರು ಕಿಟಕಿಯ ಬಳಿ ನಿಂತು ಚಪ್ಪಾಳೆ ತಟ್ಟುತ್ತಿದ್ದ: "ಬೇಗ ಬೇಗ! ಅರ್ಧ ಗಂಟೆ ಊಟದ ಬಿಡುವು, ಅರ್ಧ ದಿನ ಅಲ್ಲ!" ಅವಳು ಬಂದ ಮಾತನ್ನು ನುಂಗಿ ಬನ್ನಿನ ಕಡೆ ತಿರುಗಿದಳು. ಅಂದು ಪ್ಯಾಟಿಗಳು ಎಂದಿಗಿಂತ ಬೇಗ ಬಣ್ಣ ತಿರುಗಿದವು. ಸಾಲು ಸರಸರ ಕರಗಿತು. ಮ್ಯಾನೇಜರಿಗೆ ಖುಷಿಯೋ ಖುಷಿ.

ಇಷ್ಟು ನಡೆದು ತಿಂಗಳಾಗಿತ್ತು. ಇಂದು ಬೆಳಿಗ್ಗೆ ಹತ್ತಕ್ಕೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಮ್ಮ ಕೊನೆಯ ಸಲ ಬರುವವಳಿದ್ದಳು. ಅದಕ್ಕೆ ಮೊದಲು ಸಹಿ ಹಾಕಿಕೊಂಡು ಬಾ ಎಂದು ಮ್ಯಾನೇಜರು ತಂಗಿಯ ಕೈಗೆ ಒಂದು ಹಾಳೆ ಕೊಟ್ಟಿದ್ದ. ಅಚ್ಚು ಮಾಡಿದ ಮೂರೇ ಸಾಲು. ನಮಗೆ ಥರ್ಮಾಮೀಟರು ಕೊಡಲಾಗಿತ್ತು. ಹಿರಿಯ ಅಡುಗೆಯವಳು ಅದನ್ನು ಬಳಸುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆಯಲ್ಲಿ ಅಕ್ಕ ಅಡುಗೆಮನೆಯ ನೆಲದ ಮೇಲೆ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಹೊಲಿಯುವುದಕ್ಕೇನೂ ಇರಲಿಲ್ಲ. ಪೋಣಿಸುವುದು, ಎಳೆದು ತೆಗೆಯುವುದು, ಮತ್ತೆ ಪೋಣಿಸುವುದು. ತಿಂಗಳಿಂದ ಇದೇ ಕೆಲಸ. ಒಲೆಯ ಹತ್ತಿರ ಅವಳು ಸುಳಿಯುತ್ತಿರಲಿಲ್ಲ, ಹೋಗೆಂದವರೂ ಇರಲಿಲ್ಲ. ಭಾವ ಕಾರ್ಖಾನೆಯ ಕತ್ತರಿ ವಿಭಾಗದವನು. ಆ ಬುಧವಾರ ತಿಂದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದುಬಂದವನು. ಬಂದಾಗಿನಿಂದ ಅಂಗಡಿಯ ಬ್ರೆಡ್ಡು ತಂದು ಬಾಗಿಲಲ್ಲೇ ನಿಂತು ತಿಂದು ಹೋಗುತ್ತಿದ್ದ. ಹೆಂಡತಿಗೆ ಬೈದಿದ್ದರಾದರೂ ಆಗುತ್ತಿತ್ತು. ಬೈಯಲೂ ಇಲ್ಲ.

"ಸೈನ್ ಹಾಕಿದ್ಯೇನೇ?" ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ.

"ಇಲ್ಲ."

"ಹಾಕ್ಬಿಡು. ಅದ್ರಲ್ಲಿ ಸುಳ್ಳೇನಿದೆ? ಮೊಳೆಗೆ ನೇತುಹಾಕಿದ್ದು ನಾನೇ. ನಿನ್ನ ಕೆಲಸಾನಾದ್ರೂ ಉಳೀಲಿ."

"ಫ್ರೀಜರಿನ ಮಾತೇ ಇಲ್ವಲ್ಲ ಅದ್ರಲ್ಲಿ."

"ಫ್ರೀಜರಿನ ಮುಂದೆ ನಿಂತು ಬೇಯಿಸಿದ್ನಾ ನಾನು? ಗ್ರಿಲ್ಲಿನ ಮುಂದೆ ನಿಂತಿದ್ದೆ." ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡಳು. "ಆ ಗುಂಡಿ ಸಾಲಿನ ಹೆಂಗಸು ಬಂದು, 'ಕಣ್ಣಕ್ಕಾ, ನಂಗೆ ಚೆನ್ನಾಗಿ ಬೆಂದಿದ್ದೇ ಕೊಡಕ್ಕಾ' ಅಂದ್ಲು. ನಾನು ಮುರಿದು ತೋರಿಸ್ದೆ ಕಣೇ. ಅವಳ ಮುಂದೇನೇ ಮುರಿದು ತೋರಿಸ್ದೆ. ಒಳಗೆಲ್ಲ ಕಂದು. ಒಂದು ಚೂರು ಕೆಂಪಿರ್ಲಿಲ್ಲ. ಅವಳೂ ನೋಡಿದ್ಲು, ಥ್ಯಾಂಕ್ಸ್ ಅಂದ್ಲು, ತಗೊಂಡು ಹೋದ್ಲು." ಸೂಜಿ ಕೈಯಲ್ಲೇ ನಿಂತಿತು. "ಹಾಗಾದ್ರೆ ಕೆಂಪು ಇದ್ದಿದ್ದೂ ನಂಗೆ ಕಂದಾಗಿ ಕಾಣ್ತಲ್ಲ? ಕಣ್ಣು ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ ನೋಡು. ಎಷ್ಟು ಜನಕ್ಕೆ ಹಸೀದು ತಿನ್ನಿಸಿದೀನೋ."

ದಾರ ಸೂಜಿಯ ಕಣ್ಣಿನೊಳಗೆ ಸಲೀಸಾಗಿ ಹೋಯಿತು. ಅದನ್ನು ಅವಳು ನಂಬಿದ ಹಾಗೆ ಕಾಣಲಿಲ್ಲ. ಎಳೆದು ಮತ್ತೆ ತೆಗೆದಳು.

ತಂಗಿ ಹಾಳೆಯನ್ನು ಮಡಚಿ ಏಪ್ರನ್ನಿನ ಜೇಬಿಗೆ ತುರುಕಿ ಕೆಲಸಕ್ಕೆ ಹೊರಟಳು.

ಕ್ಯಾಂಟೀನು ಮದುವೆಮನೆಯಂತೆ ತೊಳೆದುಕೊಂಡಿತ್ತು. ಹಸಿಯದಕ್ಕೊಂದು, ಬೆಂದದ್ದಕ್ಕೊಂದು ಎಂದು ಎರಡು ಬಣ್ಣದ ಹೊಸ ಇಕ್ಕಳಗಳು ಬಂದಿದ್ದವು. ಹೊಸ ತಟ್ಟೆಗಳು. ಕೈ ತೊಳೆಯುವ ಜಾಗದಲ್ಲಿ ಸೋಪು. ವರ್ಷಗಟ್ಟಲೆ ಕೇಳಿದರೂ ಬಾರದ ಸೋಪು. ಒಬ್ಬಳು ಸತ್ತ ಮೇಲೆ ಸೋಪು ಬಂತು. ಇನ್ನೊಬ್ಬರು ಸತ್ತರೆ ಫ್ಯಾನು ಬರಬಹುದು.

"ನೋಡು ಡಾಕ್ಟರಮ್ಮ," ಎಂದ ಮ್ಯಾನೇಜರು. ಅವನ ದನಿ ಬೆಣ್ಣೆಯಾಗಿತ್ತು. "ಮೇಡಮ್ಮು ಬಂದಿದಾರೆ, ಮೇಲೆ ಆಫೀಸಲ್ಲಿ ಟೀ ಕುಡೀತಿದಾರೆ. ಒಂದೇ ಒಂದು ಪ್ಯಾಟಿ ಅವರ ಮುಂದೆ ಬೇಯಿಸಿ ತೋರಿಸ್ಬೇಕು. ಫ್ರೀಜರಿಂದ ಸೀದಾ ಗ್ರಿಲ್ಲಿಗೆ, ಕಡ್ಡಿ ಚುಚ್ಚು, ಎಪ್ಪತ್ತೊಂದು ತೋರಿಸು. ನಿಂಗೆ ಗೊತ್ತಿರೋದೇ. 'ಇಲ್ಲಿ ಯಾವಾಗ್ಲೂ ಹೀಗೇ' ಅನ್ನು. ಆಮೇಲೆ ಆ ಕಾಗದ ಕೊಡು. ಮುಗೀತು. ಇನ್ಮೇಲೆ ಗ್ರಿಲ್ಲು ನಿಂದೇ."

"ಒಂದು ಸಲ ಮೊದಲೇ ಮಾಡಿ ನೋಡ್ಕೊಳ್ಲಾ ಸಾರ್?"

"ಮಾಡ್ಕೋ, ಮಾಡ್ಕೋ. ಹೊಸ ಪೆಟ್ಟಿಗೆ ಮೇಲ್ಗಡೆ ಇದೆ." ಅವನು ಮೆಟ್ಟಿಲು ಹತ್ತಿದ.

ಅವಳು ಗ್ರಿಲ್ಲಿನ ಒಂದು ಬದಿಗೆ ಜೋರು ಉರಿ, ಇನ್ನೊಂದು ಬದಿಗೆ ಸಣ್ಣ ಉರಿ ಮಾಡಿದಳು. ಸರಳುಗಳನ್ನು ಬ್ರಷ್ಷಿನಿಂದ ಉಜ್ಜಿ ಎಣ್ಣೆ ಬಟ್ಟೆ ಎಳೆದಳು. ಫ್ರೀಜರಿನ ಬಾಗಿಲು ತೆಗೆದು ಹೊಸ ಪೆಟ್ಟಿಗೆ ಎತ್ತಿದಾಗ ಅದರ ಕೆಳಗೆ, ಬಟಾಣಿ ಚೀಲಗಳ ಸಂದಿಯಲ್ಲಿ, ಇನ್ನೊಂದು ಪೆಟ್ಟಿಗೆಯ ಮೂಲೆ ಕಂಡಿತು. ನೆನೆದು ಒಣಗಿದ ರಟ್ಟು. ಮೇಲೆ ಅವಳದೇ ಅಕ್ಷರದಲ್ಲಿ, ಪೆಟ್ಟಿಗೆ ಬಂದ ದಿನ ಅವಳೇ ಬರೆದ ತಾರೀಕು. ಆ ಸರಕು ಪೂರಾ ಮುಗಿದುಹೋಯಿತು, ಪರೀಕ್ಷೆಗೆ ಕೊಡಲು ಒಂದೂ ಉಳಿದಿಲ್ಲ ಎಂದು ಮ್ಯಾನೇಜರು ಇಲಾಖೆಗೆ ಬರೆದುಕೊಟ್ಟಿದ್ದ. ಬಚ್ಚಿಟ್ಟದ್ದಲ್ಲ ಇದು, ಬಗ್ಗಿ ನೋಡಿರಲಿಲ್ಲ, ಅಷ್ಟೆ. ಹತ್ತೊಂಬತ್ತು ವರ್ಷದಲ್ಲಿ ಅವನ ಕಡೆಯವರು ಯಾರೂ ಫ್ರೀಜರಿನ ತಳಕ್ಕೆ ಕೈ ಹಾಕಿದ್ದೇ ಇಲ್ಲ.

ಆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಚಾಕು ತೂರಿಸಿ ಒಂದು ಪ್ಯಾಟಿ ಎಬ್ಬಿಸಿದಳು. ಹೊಸ ಪೆಟ್ಟಿಗೆಯಿಂದ ಒಂದು ತೆಗೆದಳು. ಎರಡನ್ನೂ ಜೋರು ಉರಿಯ ಮೇಲೆ ಅಕ್ಕಪಕ್ಕ ಇಟ್ಟಳು, ನಡುವೆ ಒಂದು ಗೇಣು ಬಿಟ್ಟು.

ಒತ್ತಲಿಲ್ಲ. ಸಟ್ಟುಗದಿಂದ ಒತ್ತಿದರೆ ಚುರ್ ಎಂದು ಸದ್ದು ಬರುತ್ತದೆ, ನೋಡುವವರಿಗೆ ಬೇಗ ಬೇಯುತ್ತಿದೆ ಎನಿಸುತ್ತದೆ, ರಸವೆಲ್ಲ ಉರಿಗೆ ಸುರಿದು ಒಣ ಹೆಂಚಿನ ಚೂರು ಉಳಿಯುತ್ತದೆ. ಮೇಲ್ಮೈಯ ಮಂಜು ಬಿಟ್ಟು, ಅಂಚು ಬೂದು ತಿರುಗಿ, ಸರಳಿನಿಂದ ತಾನೇ ಬಿಡುವವರೆಗೆ ಕಾದಳು. ಮಗುಚಿದಳು. ಮತ್ತೆ ಕಾದಳು. ಎರಡಕ್ಕೂ ಒಂದೇ ಉರಿ, ಒಂದೇ ಹೊತ್ತು.

ಹಳೆಯದು ಆಗಲೇ ಕಂದಾಗಿತ್ತು. ಮೇಲೆ, ಅಂಚಿಗೆ, ಎಲ್ಲ ಕಡೆ. ಹೊಸದರ ಬದಿಯಲ್ಲಿ ಇನ್ನೂ ಗುಲಾಬಿ ಗೆರೆ ಇತ್ತು.

ಎರಡನ್ನೂ ಬೇರೆ ಬೇರೆ ತಟ್ಟೆಗೆ ಎತ್ತಿ ಪಕ್ಕದಿಂದ ಕಡ್ಡಿ ಚುಚ್ಚಿದಳು. ಹೊಸದು ಐವತ್ತಾರು. ಕಡ್ಡಿಯನ್ನು ತೊಳೆದು, ಒರೆಸಿ, ಹಳೆಯದಕ್ಕೆ ಚುಚ್ಚಿದಳು. ಮುಳ್ಳು ಏರಿತು, ನಿಧಾನವಾಯಿತು, ನಿಂತಿತು. ಐವತ್ತೈದು.

ಹೊಸದನ್ನು ಮುರಿದಳು. ಒಳಗೆ ಹಸಿ ಕೆಂಪು. ಕುರುಡಿಗೂ ಗೊತ್ತಾಗುವಂಥ ಕೆಂಪು. ಅಕ್ಕ ಇದನ್ನು ತಿರುಗಿ ಉರಿಗೆ ಹಾಕುತ್ತಿದ್ದಳು.

ಹಳೆಯದನ್ನು ಮುರಿದಳು. ಒಳಗೆಲ್ಲ ಕಂದು. ಒಂದು ಚೂರು ಕೆಂಪಿರಲಿಲ್ಲ. ಒಸರಿದ ರಸವೂ ತಿಳಿಯಾಗಿತ್ತು.

ಅವಳು ಎರಡು ತಟ್ಟೆಗಳನ್ನೂ ಅಕ್ಕಪಕ್ಕ ಸರಿಸಿದಳು. ಎರಡು ದಿನ ಬೆಚ್ಚಗೆ ಕರಗಿ ಕೂತ ಮಾಂಸ ತನ್ನ ಕೆಂಪನ್ನು ಫ್ರೀಜರಿನೊಳಗೇ ಕಳೆದುಕೊಂಡಿತ್ತು. ಉರಿಗೆ ಬರುವಷ್ಟರಲ್ಲಿ ಅದಕ್ಕೆ ತೋರಿಸಲು ಕೆಂಪೇ ಉಳಿದಿರಲಿಲ್ಲ. ಅಕ್ಕನ ಕಣ್ಣು ಇದ್ದದ್ದನ್ನೇ ಕಂಡಿತ್ತು. ಸೂಜಿ, ದಾರ, ಆ ತಿಂಗಳೆಲ್ಲ... ಥರ್ಮಾಮೀಟರು ಚುಚ್ಚಿದ್ದರೆ ಗೊತ್ತಾಗುತ್ತಿತ್ತು, ನಿಜ. ಸ್ವಿಚ್ಚಿನ ಮಾತು ತಾನು ಹೇಳಿದ್ದರೂ ಗೊತ್ತಾಗುತ್ತಿತ್ತು, ಅದೂ ನಿಜ. ಮೂರು ಸಾಲಿನ ಹಾಳೆಯಲ್ಲಿ ಮಾತ್ರ ಒಂದೇ ನಿಜಕ್ಕೆ ಜಾಗ ಇತ್ತು.

"ಆಯ್ತೇನಮ್ಮಾ? ಮೇಡಮ್ಮು ಇಳೀತಿದಾರೆ." ಮ್ಯಾನೇಜರು ಒಳಗೆ ಬಂದ. ಎರಡು ತಟ್ಟೆ ಕಂಡ. ಮೇಜಿನ ಮೇಲಿದ್ದ ಹಳೆಯ ಪೆಟ್ಟಿಗೆ ಕಂಡ.

"ಎಲ್ಲಿತ್ತು ಅದು?"

"ನಮ್ಮ ಫ್ರೀಜರಲ್ಲೇ ಸಾರ್. ತಳದಲ್ಲಿ."

"ಬಿಸಾಕು. ಪೆಟ್ಟಿಗೆ ನಾನು ತಗೊಂಡು ಹೋಗ್ತೀನಿ, ತಟ್ಟೇಲಿರೋದನ್ನ ಕಸದ ಡಬ್ಬಿಗೆ ಹಾಕು. ಬೇಗ!"

ಅವಳು ಪೆಟ್ಟಿಗೆಯನ್ನು ತನ್ನ ಹಿಂದಕ್ಕೆ ಸರಿಸಿಕೊಂಡಳು.

"ಹುಚ್ಚೀನಾ ನೀನು? ಸೋಮವಾರ ನಾನು ಸ್ವಿಚ್ಚು ಹಾಕಿದ್ದನ್ನ ನೀನೂ ನೋಡಿದ್ದೆ. ಅಂಟಿಕೊಂಡಿದ್ದನ್ನ ಚಾಕು ಹಾಕಿ ಬಿಡಿಸಿದ್ದೂ ನೀನೇ. ಬಾಯಿ ಬಿಟ್ರೆ ನನ್ನ ಜೊತೆ ನೀನೂ ನಿಲ್ತೀಯ."

"ನೋಡಿದ್ದೆ. ಬಿಡಿಸಿದ್ದೆ. ಅದನ್ನೂ ಹೇಳ್ತೀನಿ ಸಾರ್."

"ಮೂವತ್ತೊಂದು ಮನೆಯವರು ನಿನ್ನ ಮುಖಕ್ಕೆ ಉಗೀತಾರೆ."

"ಉಗೀಲಿ. ಅಕ್ಕನ ಮುಖದ ಮೇಲೆ ಇನ್ನು ಜಾಗ ಇಲ್ಲ."

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮ್ಯಾನೇಜರು ದನಿ ತಗ್ಗಿಸಿ, ಹಲ್ಲು ಕಚ್ಚಿ, "ಬಿಸಾಕು ಅಂದೆ," ಎನ್ನುತ್ತ ಹಳೆಯ ಪ್ಯಾಟಿಯ ತಟ್ಟೆಗೆ ಕೈ ಚಾಚಿದ.

ಅವಳು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು.

"ಬಿಸಾಕಲ್ಲ. ನೀವೂ ಬರಿಗೈಲಿ ಮುಟ್ಟಬೇಡಿ ಸಾರ್. ಹಸಿ ಇದೆ."