ಅರ್ಧ ಹೊಲಿದ ಕೊನೆಯ ಅಧ್ಯಾಯ

ಬಸ್ಸಿನ ಕಿಟಕಿಯ ಕಂಬಿಗೆ ಯಾರೋ ಸುತ್ತಿ ಮರೆತ ಕನಕಾಂಬರದ ತುಣುಕು ಗಾಳಿಗೆ ಬಡಿದುಕೊಳ್ಳುತ್ತಿದೆ, ಗುಬ್ಬಿ ಬಿಟ್ಟಾಗಿನಿಂದ ವಾಣಿಶ್ರೀ ಅದನ್ನೇ ನೋಡುತ್ತಿದ್ದಾಳೆ, ಬಿದ್ದರೆ ಬೀಳಲಿ, ಬೀಳುತ್ತಿಲ್ಲ — ತೊಡೆಯ ಮೇಲಿನ ಬ್ಯಾಗಿನೊಳಗಿಂದ ಏನೋ ಚುಚ್ಚಿತು, ಏನೋ ಅಲ್ಲ, ದಬ್ಬಳ, ಗೋಣಿಚೀಲ ಹೊಲಿಯುವ ದಪ್ಪ ಸೂಜಿ, ಕಪ್ಪು ರಟ್ಟಿನ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಬೆಳಿಗ್ಗೆ ಅತ್ತೆ ದೊಡ್ಡಗಂಗಮ್ಮ ಕೇಳಿದ್ದೂ ಅದನ್ನೇ, ನನ್ ದಬ್ಬಳ ಎಲ್ಲವ್ವ, ಕೊಬ್ಬರಿ ಚೀಲ ಬಾಯಿ ತಕ್ಕೊಂಡು ಕುಂತವೆ, ಅವ್ನು ತಕ್ಕೊಂಡೋದೋನು ಎಲ್ ಮಡಗಿದ್ನೋ, ಹೊಸಾದು ತರಿಸ್ಕೊಡ್ತೀನಿ ಅತ್ತೆ ಅಂದಳು ಇವಳು, ಹೊಸಾದು ಕೈಗೆ ಕೂರಲ್ಲ ಬುಡು ಅಂದರು ಅವರು, ಮಗನ ಸುದ್ದಿ ಬಂದಾಗಲೆಲ್ಲ ಅವರು ದಬ್ಬಳದ ಮಾತಾಡುತ್ತಾರೆ, ದಬ್ಬಳದ ಸುದ್ದಿ ಬಂದಾಗಲೆಲ್ಲ ಒಳಗೆ ಹೋಗಿ ಒಲೆಯ ಮುಂದೆ ಕೂರುತ್ತಾರೆ. ಬ್ಯಾಗಿನ ಬಾಯನ್ನು ಇನ್ನೊಂದು ಸುತ್ತು ಸುತ್ತಿದಳು. ಪುಸ್ತಕವನ್ನು ಇವತ್ತು ಕೊಡಬೇಕು. ನಿನ್ನೆ ಫೋನಿನಲ್ಲಿ ಶಶಿಕಲಾ, ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಲೈಬ್ರರಿ ಇಟ್ಟುಕೊಂಡಿರುವವಳು, ಎಂ.ಎ.ಯಲ್ಲಿ ಇವಳ ಜೊತೆಗೂ ಇವಳ ಗಂಡ ಕಾಂತನ ಜೊತೆಗೂ ಓದಿದವಳು, ನಾಳೆ ಲೈಬ್ರರೀಲಿ ನೀನೇ ಮಾತಾಡ್ಬೇಕು ಕಣೇ, ಬೇಸಿಗೆ ರಜೆಗೆ ಹೊಸ ಪತ್ತೇದಾರಿ ಯಾವುದು ಓದ್ಬೇಕು ಅಂತ ಜನ ಕೇಳ್ತಿದಾರೆ, ಕಾಂತ ಹೇಳ್ತಿದ್ದಾಗ ಕಣ್ಮುಚ್ಕೊಂಡು ತಗೊಂಡ್ಹೋಗೋರು, ಮೂರೇ ಪುಸ್ತಕ ಹೇಳು ಸಾಕು, ಎಷ್ಟ್ ದಿನ ಅಂತ ಅತ್ತೆ ಮುಖ ನೋಡ್ಕೊಂಡು ಕೂತಿರ್ತೀಯ, ಮತ್ತೆ ಆ ಕಪ್ಪು ರಟ್ಟಿಂದು ನಿನ್ ಹತ್ರಾನೇ ಉಳ್ಕೊಂಡಿದೆ, ಅದರ ಮುಂದಿನ ಭಾಗ ಬಂದಿದೆ, ಹಿಂದಿನದರ ಕೊನೆಯಿಂದಲೇ ಶುರುವಾಗುತ್ತಂತೆ, ತಗೊಂಡ್ ಬಾ, ಅನಂತರಾಜು ಮೇಷ್ಟ್ರು ಬಂದಾಗಲೆಲ್ಲ ಕೇಳ್ತಾರೆ. ಹ್ಞೂಂ ಅಂದುಬಿಟ್ಟಿದ್ದಾಳೆ.

ಕೊನೆಯಿಂದಲೇ ಶುರು ಮಾಡುವುದು ಅವಳ ಚಾಳಿ, ಕಾಂತನದಲ್ಲ, ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಅಧ್ಯಾಯ, ಯಾರು ಸಾಯುತ್ತಾರೆ ಯಾರು ಕೊಂದರು ತಿಳಿದರೆ ಆಮೇಲೆ ನೆಮ್ಮದಿಯಾಗಿ ಓದಬಹುದು, ಅವನಿಗೆ ಮೈ ಉರಿಯುತ್ತಿತ್ತು, ಇದು ಮಂಡೀಲಿ ಚೀಲದ ತಳ ಕುಯ್ದು ಕೊಬ್ಬರಿ ನೋಡ್ದಂಗೆ ಕಣೇ, ಅನ್ಯಾಯ — ಒಂದು ಭಾನುವಾರ ಗುಬ್ಬಿಯಿಂದ ಅವ್ವನ ದಬ್ಬಳ, ಒಂದು ಉಂಡೆ ಗೋಣಿದಾರ ತಂದೇಬಿಟ್ಟ, ತಾನು ಓದಿ ಮುಗಿಸಿದ್ದೇ ಕೊನೆಯ ಅಧ್ಯಾಯದ ಅಂಚನ್ನು ಮೂಟೆಯ ಬಾಯಿ ಹೊಲಿದಂತೆ ಹೊಲಿದು ಕೈಗಿಡುತ್ತಿದ್ದ, ಹೊಲಿಗೆಯವರೆಗೂ ಓದು, ಯಾರು ಅಂತ ಊಹೆ ಹೇಳು, ಆಮೇಲೆ ಬಿಚ್ತೀನಿ. ಹೇಳುತ್ತಿದ್ದಳು. ಅಡಿಗೆಯವನು. ಉಹ್ಞೂಂ, ತಪ್ಪು. ಹೆಂಡತಿ. ತಪ್ಪು. ಅವನು ನಗುತ್ತ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸುತ್ತಿದ್ದ, ಒಂದು ಸಲವೂ ಅವಳ ಊಹೆ ಸರಿಯಾಗಲಿಲ್ಲ, ಸರಿಯಾಗದಿದ್ದುದೇ ಚೆನ್ನಾಗಿತ್ತು, ಲೈಬ್ರರಿಗೆ ಹಿಂತಿರುಗಿದ ಪುಸ್ತಕಗಳಲ್ಲೆಲ್ಲ ಅಂಚಿಗೆ ತೂತು, ಅನಂತರಾಜು ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, ಶಶಿಕಲಮ್ಮ, ನಿಮ್ ಪುಸ್ತಕಕ್ಕೆ ಹುಳ ಬಿದ್ದಿದೆ, ಲಕ್ಷ್ಮೀಕಾಂತ್ ಅಂತ ಹುಳದ ಹೆಸರು, ಅನ್ನುತ್ತಿದ್ದರು.

ಬಸ್ಸು ಹೆಗ್ಗೆರೆ ದಾಟಿತು, ಆಸ್ಪತ್ರೆ ಕಡೆ ನೋಡಬಾರದು, ನೋಡಲಿಲ್ಲ. ಆ ಬೆಳಿಗ್ಗೆ ಕಾಂತ, ಆಗ ಇಬ್ಬರೂ ಇದ್ದ ಮರಳೂರಿನ ಮನೆಯ ಹೊಸ್ತಿಲಲ್ಲಿ ಕೂತು ಇದೇ ಪುಸ್ತಕ ಹೊಲಿಯುತ್ತಿದ್ದ, ಬಿಸಿಲು ಬೆನ್ನಿಗೆ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತು, ಇದು ಮಾತ್ರ ನೀನು ಹೇಳೋಕಾಗಲ್ಲ ನೋಡು, ಆಫೀಸಲ್ಲಿ ಐದು ಜನ, ಅವರಲ್ಲಿ ಒಬ್ಬರು ದೇಶದ ಗುಟ್ಟು ಮಾರ್ತಿದಾರೆ, ಯಾರು ಅಂತ ಗೊತ್ತಾದಾಗ ನಂಗೇ ಎದೆ ಹೊಡ್ಕೊಂಡ್ತು — ಫೋನು ಬಂತು, ಕುಣಿಗಲ್‌ನಿಂದ ಗೆಳೆಯ ಹನುಮಂತರಾಜು, ಸೈಟ್ ನೋಡೋಕೆ ಬಾ ಮಾರಾಯ, ಒಬ್ಬನೇ ಮೋಸ ಹೋಗ್ತೀನಿ, ಕಾಂತ ಎದ್ದ, ದಬ್ಬಳವನ್ನು ಹಾಗೇ ಬಿಟ್ಟು ಪುಸ್ತಕವನ್ನು ಕಿಟಕಿಯಲ್ಲಿಟ್ಟ, ಊಟಕ್ಕೆ ಬಂದ್ಬಿಡ್ತೀನಿ, ಕೆಳಗಡೆ ಇನ್ನೂ ಹೊಲಿದಿಲ್ಲ, ಬಗ್ಗಿ ನೋಡ್ಬೇಡ, ನೋಡಿದ್ರೆ ನಿನ್ ಮುಖದಲ್ಲೇ ಗೊತ್ತಾಗುತ್ತೆ ನಂಗೆ. ಹೋಗೋ ಹೋಗೋ, ದೊಡ್ಡ ಪತ್ತೇದಾರ ಅಂದಳು. ಬೈಕಿನ ಸದ್ದು. ಅನ್ನಕ್ಕೆ ಇಟ್ಟಳು. ಕುಣಿಗಲ್ ರಸ್ತೆ, ಮರಳು ಲಾರಿ, ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಯಾರೂ ಅವಳಿಗೆ ಹೇಳಲಿಲ್ಲ, ಅವಳೂ ಕೇಳಲಿಲ್ಲ, ಮನೆ ತುಂಬ ಜನ ಅಳುತ್ತಿದ್ದಾಗ ಕಿಟಕಿಯಲ್ಲಿ ಬಿಸಿಲು ಬಿದ್ದು ದಬ್ಬಳ ಹೊಳೆಯುತ್ತಿತ್ತು, ಅರ್ಧ ಒಳಗೆ, ಅರ್ಧ ಹೊರಗೆ. ಬಗ್ಗಿದರೆ ಹಾಳೆಗಳ ಕೆಳಗಿನ ಅರ್ಧ ಕಾಣುತ್ತದೆ, ಹೆಸರು ಕಂಡೇ ಕಾಣುತ್ತದೆ, ಈವರೆಗೆ ಬಗ್ಗಿಲ್ಲ, ಬಗ್ಗಿದರೆ ಮುಖದಲ್ಲಿ ಗೊತ್ತಾಗುತ್ತದೆ, ಯಾರಿಗೆ, ಯಾರಿಗೆ ಗೊತ್ತಾಗಬೇಕು ಈಗ.

ಲೈಬ್ರರಿಯಲ್ಲಿ ಮೂವತ್ತು ಕುರ್ಚಿ, ಹೆಚ್ಚುಕಡಿಮೆ ತುಂಬಿವೆ, ಫ್ಯಾನು ಕಿರ್ ಅನ್ನುತ್ತಿದೆ, ಅವನು ನಿಲ್ಲುತ್ತಿದ್ದ ಜಾಗದಲ್ಲೇ ಶಶಿಕಲಾ ಅವಳನ್ನು ನಿಲ್ಲಿಸಿದ್ದಾಳೆ, ಬಾಯಿ ತಾನಾಗಿ ಮಾತಾಡುತ್ತಿದೆ, ನೀಲಿ ರಟ್ಟಿನದು, ಊರಿನ ಪೋಸ್ಟ್‌ಮ್ಯಾನ್ ಕಾಣೆಯಾಗುತ್ತಾನೆ, ಹುಡುಕುವವಳು ನಿವೃತ್ತ ನರ್ಸು, ಎರಡು ಮಧ್ಯಾಹ್ನಕ್ಕೆ ಮುಗಿಯುತ್ತದೆ, ನಗುವೂ ಬರುತ್ತದೆ, ಮಕ್ಕಳೂ ಓದಬಹುದು, ಹಳದಿಯದು ಗೂಢಚಾರಿ ಕಾದಂಬರಿ, ಗಡಿಯಲ್ಲಿ ಕುರಿ ವ್ಯಾಪಾರಿಯ ವೇಷದವನು, ಶುರು ನಿಧಾನ, ಬೇಜಾರಾಗಿ ಬಿಟ್ಟುಬಿಡಬೇಡಿ, ಕುರಿಸಂತೆ ಬಂದ ಮೇಲೆ ಕೆಳಗಿಡಲಿಕ್ಕೆ ಆಗುವುದಿಲ್ಲ, ಎಲ್ಲ ಅವನ ಮಾತಿನ ಧಾಟಿಯೇ, ಅವನ ಹಾಗೆಯೇ ಕೈ ಎತ್ತಿದಳು, ಇಳಿಸಿದಳು, ಮೂರನೆಯದು ಎಂದಳು, ಹೊಸ ಕಪ್ಪು ಪುಸ್ತಕ ಕೈಯಲ್ಲಿದೆ, ಹಿಂಬದಿಯ ರಟ್ಟಿನಲ್ಲಿ ದೊಡ್ಡ ಅಕ್ಷರ, ದ್ರೋಹಿ ಸಿಕ್ಕಿಬಿದ್ದ ಮೇಲೆ ಎಂದು ಶುರುವಾಗುತ್ತದೆ, ಮುಂದಿನ ಪದದ ಮೇಲೆ ಅಂಗೈ ಮುಚ್ಚಿದಳು, ಯಾವುದಾದರೂ ಒಂದು ಕಡೆಯಿಂದ ಆ ಹೆಸರು ಬಂದೇ ಬರುತ್ತದೆ. ಅದಿರ್ಲಮ್ಮ, ಹಿಂದಿಂದು ಕೊಡಿ ಮೊದ್ಲು, ಅನಂತರಾಜು ಮೇಷ್ಟ್ರು ಎದ್ದು ಬಂದರು, ಮೇಜಿನ ಮೇಲಿದ್ದುದನ್ನು ಎತ್ತಿಕೊಂಡರು, ಕನ್ನಡಕ ಏರಿಸಿದರು, ಓ ಹುಳ ಇನ್ನೂ ಒಳಗೇ ಇದ್ಯಲ್ಲ ಎಂದು ನಕ್ಕರು, ಹಿಂದೆ ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಕ್ಷಮಿಸಮ್ಮ, ಬಾಯಿ ತಪ್ಪಿ ಬಂತು. ಮುಜುಗರಕ್ಕೆ ಏನಾದರೂ ಮಾಡಬೇಕೆಂದು ಅವರ ಹೆಬ್ಬೆರಳು ದಬ್ಬಳದ ಕಣ್ಣಿಗೆ ಹೋಯಿತು, ಎಳೆಯಲಿಕ್ಕೆ, ಅಷ್ಟೇ, ಎಳೆದರೆ ದಾರವೂ ಬರುತ್ತದೆ, ಅದರ ಕೊನೆಗೆ ಗಂಟಿಲ್ಲ —

ಟೈಪಿಸ್ಟ್ ಎಂದಳು ವಾಣಿಶ್ರೀ. ಏನಮ್ಮ. ಟೈಪಿಸ್ಟ್, ಆಫೀಸಿನ ಟೈಪಿಸ್ಟೇ ಗುಟ್ಟು ಮಾರಿದ್ದು, ನನ್ನ ಊಹೆ, ಸರಿಯೋ ತಪ್ಪೋ ಹೇಳಿ. ಫ್ಯಾನು. ಹೊರಗೆ ಮೇಲ್ಸೇತುವೆಯ ಮೇಲೆ ಯಾವುದೋ ಲಾರಿ, ಹಾರ್ನು. ಹೇಳಿ ಸರ್. ನಾನ್ ಓದಿಲ್ವಲ್ಲಮ್ಮ, ನಂಗೆಂಗ್ ಗೊತ್ತಾಗುತ್ತೆ. ಎಲ್ಲರ ಮುಖ ನೋಡಿದಳು, ಒಬ್ಬರಾದರೂ, ಉಹ್ಞೂಂ ಅಂತ, ತಪ್ಪು ಅಂತ, ಒಂದೇ ಮಾತು, ಮುಂದಿನ ಸಾಲಿನ ಹೆಂಗಸು ಮೆಲ್ಲಗೆ, ಸರಿಯಾಗೇ ಇರುತ್ತೆ ಬಿಡಮ್ಮ ಅಂದರು, ಪಾಪ, ಸಮಾಧಾನಕ್ಕೆ, ಸರಿಯಾಗಿರಬಾರದು ಅದು, ಒಂದು ಸಲವೂ ಸರಿಯಾಗಿಲ್ಲ. ಬಾರೇ, ಕೂತ್ಕೊ, ನೀರ್ ಕುಡಿ, ಶಶಿಕಲಾ ತೋಳು ಹಿಡಿದಿದ್ದಾಳೆ, ಮೇಷ್ಟ್ರು ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು, ನಿಧಾನಕ್ಕೆ ಓದಿ ಕೊಡಿ, ನಾನು ಕಾಯ್ತೀನಿ, ಯಾರು ಕಾಯುತ್ತಾರೆ, ಯಾರಿಗೆ, ಬೆರಳು ದಬ್ಬಳವನ್ನು ಹಿಡಿದಿದೆ, ತಣ್ಣಗಿದೆ, ಹೊರಗೆಳೆದರೆ ಆ ಬೆಳಗಿನ ಹೊಲಿಗೆ ಒಂದೂ ಉಳಿಯುವುದಿಲ್ಲ, ಒಳಗೆ ತಳ್ಳಿದರೆ ಉಳಿದದ್ದನ್ನು ಇವಳೇ ಹೊಲಿಯಬೇಕು, ಇವಳಿಗೆ ಮೂಟೆ ಹೊಲಿಯಲು ಬರುವುದಿಲ್ಲ, ಅವನು ಕಲಿಸಲಿಲ್ಲ, ಅತ್ತೆಯ ಚೀಲಗಳು ಬಾಯಿ ತೆರೆದು ಕೂತಿವೆ, ಅನ್ನ ಬೆಂದಿತ್ತು, ಹಲ್ಲಿನಲ್ಲಿ ದಾರ, ಬೆನ್ನಿಗೆ ಬಿಸಿಲು, ಬಗ್ಗಿ ನೋಡ್ಬೇಡ, ನೋಡಿಲ್ಲ ಕಣೋ, ಹೊರಗೋ ಒಳಗೋ, ಬೆರಳು ಕದಲುತ್ತಿಲ್ಲ, ದಬ್ಬಳ, ಅರ್ಧ ಒಳಗೆ, ಅರ್ಧ