ಹಿಂದೆ ಸರಿಯದ ಬೆಣೆ

ಪೇಟೆಂಟಿನ ಕಾಗದದ ಮೇಲೆ ಮಗನ ಹೆಸರು ಉಳಿಯಬೇಕು. ಗ್ಯಾರೇಜಿನ ಮೇಸ್ತ್ರಿಗೂ ಅವನ ಹೆಂಡತಿಗೂ ಈಗ ಉಳಿದಿದ್ದ ಆಸೆ ಅದೊಂದೇ. ಕಾರಿನ ಎಂಜಿನ್ನಿನ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿಯೊಂದನ್ನು ಮಗ ಮಾಡಿದ್ದ. ಬೆಲ್ಟ್ ಜಗ್ಗಿದಷ್ಟೂ ಒಳಗೊಂದು ಬೆಣೆ ಜಾರಿ ಆ ಸಡಿಲವನ್ನು ನುಂಗುತ್ತಿತ್ತು. ಒಮ್ಮೆ ಜಾರಿದ್ದು ಮತ್ತೆ ಹಿಂದಕ್ಕೆ ಬರುತ್ತಿರಲಿಲ್ಲ. ಅರ್ಜಿ ಹಾಕಿದ ವರ್ಷವೇ ಹುಡುಗ ಹಾಸಿಗೆ ಹಿಡಿದ. ಉತ್ತರ ಬರುವಷ್ಟರಲ್ಲಿ ಅವನೇ ಇರಲಿಲ್ಲ.

ಮೇಸ್ತ್ರಿ ವಕೀಲೆಯ ಕೋಣೆಯಲ್ಲಿ, ಎಷ್ಟು ತೊಳೆದರೂ ಮಸಿ ಬಿಡದ ಬೆರಳುಗಳನ್ನು ಮೇಜಿನ ಕೆಳಗೆ ಮುಚ್ಚಿಟ್ಟುಕೊಂಡು ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಹೆಂಡತಿ.

“ಒಂದು ಕಂಪನಿಯವರು ತಕರಾರು ತೆಗೆದಿದಾರೆ,” ಎಂದಳು ವಕೀಲೆ. “ಅರ್ಜಿಗೆ ಮೊದಲೇ ಇದು ಜನರ ಮುಂದೆ ಬಂದಿತ್ತಂತೆ. ಬಂದಿದ್ರೆ ಹೊಸದು ಅನಿಸಿಕೊಳ್ಳಲ್ಲ.”

“ಬೇರೆ ಯಾರಾದ್ರೂ ಮಾಡಿದ್ರಾ ಮೇಡಂ?”

“ಬೇರೆಯವರೇ ಆಗಬೇಕಿಲ್ಲ ಯಜಮಾನ್ರೇ. ನೀವೇ ತೋರಿಸಿದ್ರೂ ಅಷ್ಟೇ.”

“ಇವರ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ,” ಎಂದು ಹೆಂಡತಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ವಕೀಲೆ ಕಂಪ್ಯೂಟರನ್ನು ಅವರತ್ತ ತಿರುಗಿಸಿದ್ದಳು.

ಅರ್ಜಿ ಹಾಕುವ ಮೊದಲು ನಡೆದಿದ್ದ ಮೆಕ್ಯಾನಿಕ್ಕುಗಳ ಸಂಘದ ಸಭೆ. ಯಾರೋ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಹಾಕಿದ್ದ ವಿಡಿಯೋ. ಒಬ್ಬನಿಗೆ ಹೊಳೆದ ಉಪಾಯವನ್ನು ಉಳಿದವರಿಗೆ ಬಿಚ್ಚಿ ತೋರಿಸುವುದು ಅವರ ಬೀದಿಯ ರೂಢಿ; ಬಚ್ಚಿಟ್ಟವನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಮೇಸ್ತ್ರಿ ಪುಲ್ಲಿಯನ್ನು ಎತ್ತಿ ಹಿಡಿದು, “ನನ್ನ ಮಗ ಮಾಡಿದ್ದು ನೋಡ್ರಪ್ಪಾ,” ಎನ್ನುತ್ತಿದ್ದ. ಪಕ್ಕದಲ್ಲಿ ಮಗ, ಮೈತುಂಬ ಆರೋಗ್ಯವಿದ್ದ ಮಗ, ನಾಚಿಕೊಂಡು ಅಪ್ಪನ ಅಂಗಿ ಜಗ್ಗಿದ.

“ಅಪ್ಪಾ, ಸಾಕು. ಒಳಗಿಂದು ಬೇಡ…”

“ಸುಮ್ನಿರೋ. ಇವರೇನು ಹೊರಗಿನವರಾ?” ಮೇಸ್ತ್ರಿ ಮುಚ್ಚಳ ಬಿಚ್ಚಿ ಬೆಣೆಯನ್ನು ಸಭೆಗೆಲ್ಲ ತೋರಿಸಿದ. ಮಗ ಮತ್ತೇನೋ ಹೇಳಿದ. ಅದು ಅಪ್ಪನ ದೊಡ್ಡ ಗಂಟಲಿನಲ್ಲಿ ಮುಳುಗಿಹೋಯಿತು.

ವಕೀಲೆ ವಿಡಿಯೋ ನಿಲ್ಲಿಸಿದಳು. “ಚಿತ್ರ ಸ್ವಲ್ಪ ಮಸುಕಾಗಿದೆ. ಅದಕ್ಕೇ ಕೇಳ್ತೀನಿ. ಅರ್ಜಿಯಲ್ಲಿರೋ ಪುಲ್ಲಿನೇನಾ ಇದು?”

“ಅಲ್ಲ ಅನ್ನಿ,” ಎಂದಳು ಹೆಂಡತಿ ಮೆಲ್ಲಗೆ. “ಒಂದೇ ಮಾತು ರೀ.”

ಮೇಸ್ತ್ರಿ ತೆರೆಯನ್ನು ನೋಡಿದ. ಬೆಣೆಯ ಅಂಚನ್ನು ಮಗ ಅರ ಹಿಡಿದು ಉಜ್ಜುತ್ತಿದ್ದ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು.

“ಅದೇ ಮೇಡಂ,” ಎಂದ. “ಅವನ ಕೈಕೆಲಸಾನ ನಾನು ಅಲ್ಲ ಅನ್ನಲಾ?”

ವಕೀಲೆ ಪೆನ್ನು ಕೆಳಗಿಟ್ಟಳು. ಹೆಂಡತಿ ಅಳಲಿಲ್ಲ, ಬಯ್ಯಲೂ ಇಲ್ಲ. ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೊಂದು ಸಲ ಹಾಕಮ್ಮ. ‘ಸಾಕು’ ಅಂತಾನಲ್ಲ, ಅಲ್ಲಿಂದ.”

ವಕೀಲೆ ಹಾಕಿದಳು. ಹೆಂಡತಿ ತೆರೆಗೆ ಕಿವಿಯಾನಿಸಿ ಕೇಳಿದಳು. ಮತ್ತೆ ಹಾಕಿಸಿದಳು.

“ಆಮೇಲೆ ಅವನೇನಂದ್ನೋ ಕೇಳಿಸಲ್ಲ,” ಎಂದಳು ಗಂಡನತ್ತ ತಿರುಗದೆ. “ಬರೀ ನಿಮ್ದೇ ದನಿ.”

ಮೇಸ್ತ್ರಿ ತೆರೆಯ ಮೇಲಿನ ತನ್ನ ಬಾಯನ್ನೇ ನೋಡುತ್ತ ಕೂತ. ಅದು ಮುಚ್ಚುತ್ತಲೇ ಇರಲಿಲ್ಲ.